ನೀರು ಹಾಕಿದ ಕಡಲೆ

ಮುಂಬಯಿಯ ಜೋಗೇಶ್ವರಿಯಲ್ಲಿ, ಸಾಲು ಕೋಣೆಗಳ ಆ ಚಾಳಿನಲ್ಲಿ ನಲ್ಲಿಗೆ ನೀರು ಬರುತ್ತಿದ್ದುದು ಬೆಳಗಿನ ಜಾವ ಒಂದೇ ಹೊತ್ತು. ಬಂದ ನೀರು ಯಾವಾಗ ನಿಂತೀತು ಎಂದು ಹೇಳುವವರಿಲ್ಲ. ಹೀಗಾಗಿ ಹೆಂಗಸರು ಹಿಂದಿನ ದಿನವೇ ಕೊಡ, ಬಾಲ್ದಿ, ಎಣ್ಣೆಯ ಹಳೆ ಡಬ್ಬಗಳನ್ನು ಸಾಲಿಗಿಟ್ಟು ಮಲಗುತ್ತಿದ್ದರು. ಸಾಲಿನ ಮುಂದೆಲ್ಲೋ ವಿನೋದಿನಿಯ ತಾಮ್ರದ ಕೊಡವಿರುತ್ತಿತ್ತು. ಆ ಜಾಗಕ್ಕಾಗಿ ಅವಳು ಜಗಳವಾಡದ ಹೆಂಗಸು ಚಾಳಿನಲ್ಲಿ ಒಬ್ಬಳೂ ಉಳಿದಿರಲಿಲ್ಲ. ಅಷ್ಟು ಪಾಡುಪಟ್ಟು ತಂದ ನೀರಿನಲ್ಲಿ ಅವಳು ಧಾರಾಳವಾಗಿ ಮೀಯುತ್ತಿದ್ದಳು, ಅಕ್ಕಿಯನ್ನು ಎರಡೆರಡು ಸಲ ತೊಳೆಯುತ್ತಿದ್ದಳು, ಹೊಸ್ತಿಲಿಗೂ ಒಂದು ಚೆಂಬು ಸುರಿಯುತ್ತಿದ್ದಳು. ತಂದವಳು ತಾನು, ಖರ್ಚು ಮಾಡುವವಳೂ ತಾನು, ಕೇಳುವವರು ಯಾರು?

ದಸರೆ ಮುಗಿದ ಮೇಲೆ ಕೇಳುವವರು ಬಂದರು.

ಅತ್ತೆ ರಾಚವ್ವ ವಿಜಾಪುರ ಜಿಲ್ಲೆಯ ಇಂಡಿ ಕಡೆಯವಳು. ಕಳೆದ ಬೇಸಿಗೆಯಲ್ಲಿ ಹೊಲದ ಬದುವಿನ ಮೇಲೆ ಬಿಸಿಲಿಗೆ ತಲೆ ತಿರುಗಿ ಬಿದ್ದವಳನ್ನು ಪಕ್ಕದ ಹೊಲದ ಕಾಶಪ್ಪ ಚಕ್ಕಡಿಯಲ್ಲಿ ಹಾಕಿಕೊಂಡು ಮನೆಗೆ ತಂದಿದ್ದ. ಆ ಸುದ್ದಿ ಕೇಳಿದಾಗಿನಿಂದ ಮಗ ಪರಪ್ಪನಿಗೆ ಸಮಾಧಾನವಿಲ್ಲ. ಅವನು ಜೋಗೇಶ್ವರಿಯಲ್ಲೇ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಮಷಿನ್ನಿನ ಮೇಲೆ ಕೆಲಸ ಮಾಡುವವನು. ದಸರೆಗೆ ಊರಿಗೆ ಹೋದವನು ಹೊಲವನ್ನು ಕಾಶಪ್ಪನಿಗೆ ಪಾಲಿಗೆ ಒಪ್ಪಿಸಿ, "ನಾಕ ದಿನ ಮೊಮ್ಮಗಳ ಕೂಡ ಇದ್ದ ಬರೂವಂತಿ, ನಡಿಯಬೇ" ಎಂದು ಪುಸಲಾಯಿಸಿ ತಾಯಿಯನ್ನು ಕರೆತಂದ. ನಾಲ್ಕು ದಿನ ಎಂದದ್ದು ಸುಳ್ಳು. ಅವಳನ್ನು ಮತ್ತೆ ಕಳಿಸುವ ಮನಸ್ಸು ಅವನಿಗಿರಲಿಲ್ಲ. ಇದು ಅವನಿಗೆ ಗೊತ್ತು, ವಿನೋದಿನಿಗೆ ಗೊತ್ತು, ರಾಚವ್ವನೊಬ್ಬಳಿಗೆ ಗೊತ್ತಿಲ್ಲ.

ಬಂದ ಮರುದಿನವೇ ಶುರುವಾಯಿತು.

"ವಿನೋದವ್ವ, ಅಕ್ಕಿ ತೊಳದ ನೀರ ಚೆಲ್ಲಿದೇನು?"

ಸೊಸೆಯ ಹೆಸರು ರಾಚವ್ವನ ಬಾಯಲ್ಲಿ ಮೊದಲ ದಿನವೇ ವಿನೋದವ್ವ ಆಗಿಹೋಗಿತ್ತು.

"ಚೆಲ್ಲದೆ ಮತ್ತೆಂತ ಮಾಡುದು ಅತ್ತೆ? ಕುಡಿಸ್ಲಿಕ್ಕೆ ಇಲ್ಲಿ ದನ ಉಂಟಾ?"

"ಅದರಾಗ ಭಾಂಡೆ ತಿಕ್ಕಬೋದಿತ್ತು. ತಿಕ್ಕಿದ ನೀರಾಗ ಕಾಲ ತೊಳಕೋಬೋದಿತ್ತು."

"ಕಾಲು ತೊಳೆದ ನೀರನ್ನು ಎಂತ ಮಾಡುದು, ಅದನ್ನೂ ಹೇಳಿಬಿಡಿ."

ರಾಚವ್ವ ನಿಜವಾಗಿಯೂ ಯೋಚಿಸಿದಳು. "ಇಲ್ಲೆ ಗಿಡಾ ಪಡಾ ಏನೂ ಇಲ್ಲಲ್ಲ" ಎಂದಳು.

ಮಗಳು ಅಪ್ಪಿ ಕಿಸಕ್ಕನೆ ನಕ್ಕಳು. ಮುನಿಸಿಪಾಲಿಟಿ ಶಾಲೆಯಲ್ಲಿ ಮೂರನೆಯ ಇಯತ್ತೆ ಓದುವ ಹುಡುಗಿ. ಅಪ್ಪನ ಕನ್ನಡ, ಅಮ್ಮನ ಕನ್ನಡ, ಗಲ್ಲಿಯ ಹಿಂದಿ ಮೂರನ್ನೂ ಕಲಸಿ ತನ್ನದೇ ಒಂದನ್ನು ಮಾಡಿಕೊಂಡಿದ್ದಳು. ವಿನೋದಿನಿ ಅವಳ ಬೆನ್ನಿಗೊಂದು ಗುದ್ದಿದಳು. ಅತ್ತೆಗೆ ಗುದ್ದಲಾಗುವುದಿಲ್ಲವಲ್ಲ.

ವಿನೋದಿನಿ ಮೂಲ್ಕಿ ಕಡೆಯವಳು. ಅಣ್ಣ ಶೇಖರ ವಡಾಲದ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನು. ಅವನಿಗೆ ಅಡಿಗೆ ಮಾಡಿ ಹಾಕಲು ಬಂದವಳು ಅದೇ ಹೋಟೆಲಿಗೆ ಊಟಕ್ಕೆ ಬರುತ್ತಿದ್ದ ಪರಪ್ಪನನ್ನು ಮೆಚ್ಚಿ ಮದುವೆಯಾದಳು. ಅವಳ ಜಾತಿ ಬೇರೆ, ಅವನದು ಬೇರೆ. ಒಂದು ಮನೆಯಲ್ಲಿ ಮೀನಿಲ್ಲದೆ ಊಟವಿಲ್ಲ, ಇನ್ನೊಂದು ಮನೆಯಲ್ಲಿ ಮೀನಿನ ಹೆಸರೆತ್ತುವಂತಿಲ್ಲ. ಶೇಖರ ಬೈದು ಬೈದು ಕೊನೆಗೆ ಒಪ್ಪಿದ. ಊರಿನಲ್ಲಿದ್ದ ಅಮ್ಮ ಮಾತ್ರ "ಈ ಬಾವಿಯ ನೀರು ಇನ್ನು ನಿನಗಿಲ್ಲ" ಎಂದು ಹೇಳಿ ಕಳಿಸಿದಳು. ಅದಾಗಿ ಹತ್ತು ವರ್ಷ. ವಿನೋದಿನಿ ಆ ಬಾವಿಯನ್ನು ಮತ್ತೆ ನೋಡಿಲ್ಲ.

ರಾಚವ್ವ ಈ ಮದುವೆಗೆ ಒಳ್ಳೆಯದನ್ನೂ ಹೇಳಿರಲಿಲ್ಲ, ಕೆಟ್ಟದನ್ನೂ ಹೇಳಿರಲಿಲ್ಲ. ಬಂದಿರಲೂ ಇಲ್ಲ. ಈಗ ಬಂದು ಒಂದೇ ಕೋಣೆಯ ಮನೆಯಲ್ಲಿ ಒಲೆಯ ಪಕ್ಕ ಚಾಪೆ ಹಾಸಿದ್ದಳು. ಗಂಡ ಹೆಂಡತಿ ಒಂದು ಮಾತು ಗುಟ್ಟಾಗಿ ಆಡಬೇಕೆಂದರೆ ಸ್ಟೇಶನ್ನಿನ ತನಕ ನಡೆಯಬೇಕು. ಅತ್ತೆಗೂ ಗಂಡನಿಗೂ ರೊಟ್ಟಿ ಬಡಿಯಬೇಕು, ತನಗೂ ಮಗಳಿಗೂ ಅನ್ನ ಬೇಯಿಸಬೇಕು. ಭಾನುವಾರ ವಡಾಲಕ್ಕೆ ಹೋಗಿ ಅಣ್ಣನ ಮನೆಯಲ್ಲಿ ಮೀನು ಉಂಡು ಬರುವ ಒಂದು ಸುಖವಿತ್ತು, ಅದೂ ತಪ್ಪಿತು; ಬಾಯಿ ಎಷ್ಟು ತೊಳೆದರೂ ಮುದುಕಿ ಮೂಗು ಅರಳಿಸಿ ನೋಡುತ್ತಾಳೆ ಎಂಬ ಅನುಮಾನ. ಅತ್ತೆ ಊರಿಗೆ ಹೋದರೆ ಸಾಕಪ್ಪ ದೇವರೇ ಎಂದು ವಿನೋದಿನಿ ದಿನಕ್ಕೆಷ್ಟು ಸಲ ಅಂದುಕೊಳ್ಳುತ್ತಿದ್ದಳೋ.

ಅತ್ತೆಗೂ ಅದೇ ಬೇಕಿತ್ತು. ದಿನಾ ರೊಟ್ಟಿ ಮುರಿಯುವಾಗ ಒಂದೇ ಮಾತು.

"ಪರಪ್ಪಾ, ಎಳ್ಳಮಾಸಿಗೆ ನನ್ನ ಊರಿಗೆ ಬಿಟ್ಟ ಬಾ."

"ನೋಡೂಣ ತಡಿಯಬೇ."

"ನೋಡೂದೇನು? ಹಿಂಗಾರಿ ಪೈರ ಮೊಣಕಾಲ ಮಟ ಬಂದಿರತೈತಿ. ನಾ ಇರಲಿಲ್ಲಂದ್ರ ಚರಗಾ ಚೆಲ್ಲಾವ್ರ ಯಾರು?"

ಎಳ್ಳಮಾವಾಸ್ಯೆಯ ದಿನ ಆ ಕಡೆಯವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಪೈರು ಹೊತ್ತ ಭೂಮಿ ಬಸುರಿ ಹೆಂಗಸು ಎಂದು ಲೆಕ್ಕ. ಅವಳ ಬಯಕೆ ತೀರಿಸಲು ಹೊಲದ ತುಂಬ ಅನ್ನ ಪಲ್ಯ ಚೆಲ್ಲಿ, ಉಳಿದದ್ದನ್ನು ಅಲ್ಲೇ ಕೂತು ಉಣ್ಣುತ್ತಾರೆ. ಅದೇ ಚರಗ. ರಾಚವ್ವ ಮದುವೆಯಾಗಿ ಬಂದಾಗಿನಿಂದ ಒಂದು ವರ್ಷವೂ ಅದನ್ನು ತಪ್ಪಿಸಿದವಳಲ್ಲ.

ಚಾಳಿನ ಹಿಂದೆ ಕುಸಿದ ಗೋಡೆಯೊಂದರ ಪಕ್ಕ ಒಂದಿಷ್ಟು ಖಾಲಿ ಜಾಗವಿತ್ತು. ಮಳೆಗಾಲದಲ್ಲಿ ಕಪ್ಪೆ ಕೂಗುವ ಕೆಸರು, ಆಮೇಲೆ ಒಣಗಿ ಹುಲ್ಲು. ಒಂದು ಬೆಳಿಗ್ಗೆ ರಾಚವ್ವ ಅಲ್ಲಿ ಕೂತು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿದಳು, ಬಿಟ್ಟಳು, ಮೂಸಿದಳು. ಊರಿನಿಂದ ಉಸುಳಿಗೆಂದು ತಂದ ಕಡಲೆ ಒಂದು ಗಂಟಿನಲ್ಲಿತ್ತು. ಮಗನಿಂದ ಕಾರ್ಖಾನೆಯ ಪಟ್ಟಿ ಕಬ್ಬಿಣದ ಒಂದು ಕುರಪಿ ಮಾಡಿಸಿಕೊಂಡು, ಹುಲ್ಲು ಕಿತ್ತು, ನೆಲ ಕೆದರಿ, ಕಾಳುಗಳನ್ನು ಆಳವಾಗಿ ಊರಿದಳು.

ವಿನೋದಿನಿ ಒಂದು ತಂಬಿಗೆ ನೀರು ಹಿಡಿದುಕೊಂಡು ಬಂದಳು. ಬಿತ್ತಿದ ಮೇಲೆ ನೀರು ಬೇಕೇ ಬೇಕಲ್ಲ.

"ಬ್ಯಾಡ" ಎಂದಳು ರಾಚವ್ವ.

"ಮತ್ತೆ ಹುಟ್ಟುದು ಹೇಗೆ?"

"ಬ್ಯಾಡ ಅಂದ್ನೆಲ್ಲ. ನೀರ ಮನಿಗಿಡು."

ವಿನೋದಿನಿ ತಂಬಿಗೆಯ ನೀರನ್ನು ತಾನೇ ಕುಡಿದು ಒಳಗೆ ಹೋದಳು. ಈ ಮುದುಕಿಯ ಜುಗ್ಗತನ ಕಡಲೆಯನ್ನೂ ಬಿಡಲಿಲ್ಲ ಎಂದುಕೊಂಡಳು.

ಆ ಸಂಜೆ ಊಟಕ್ಕೆ ಕೂತಾಗ ಮತ್ತೆ ಎಳ್ಳಮಾಸಿಯ ಮಾತು ಬಂತು. ಕಾರ್ಖಾನೆಯಲ್ಲಿ ಮುಕಾದಮನ ಕೈಲಿ ಬೈಸಿಕೊಂಡು ಬಂದಿದ್ದ ಪರಪ್ಪನಿಗೆ ರೇಗಿತು.

"ಒಂದ ಮಾತ ಹೇಳ್ತೀನಿ ಕೇಳಬೇ. ಹಿಂದ ಹಾಕೀಯಲ್ಲ ಕಡ್ಲಿ, ಅದು ಎಳ್ಳಮಾಸಿ ಒಳಗ ಕಾಯಿ ಕಟ್ಟಲಿ. ಕಟ್ಟಿದ್ರ ನಾನ ನಿನ್ನ ಕರಕೊಂಡ ಹೋಗಿ ಹೊಲದಾಗ ನಿಲ್ಲಸ್ತೀನಿ. ಕಟ್ಟಲಿಲ್ಲಂದ್ರ ಊರ ಹೆಸರ ತಗೀಬಾರದು. ಸುಮ್ನ ಇಲ್ಲೆ ಇರಬೇಕು."

"ಇಲ್ಲೆ ಅಂದ್ರ?"

"ಇಲ್ಲೆ ಅಂದ್ರ ಇಲ್ಲೆ. ಕಾಯಂ."

ರಾಚವ್ವ ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ತಾಟಿನಲ್ಲಿಟ್ಟಳು. ನಾಲ್ಕು ದಿನದ ಸುಳ್ಳು ಅವಳಿಗೆ ಅರ್ಥವಾದದ್ದು ಆಗ. ಮಗನ ಮುಖವನ್ನೇ ನೋಡಿದಳು; ಅವನು ನೀರು ಕುಡಿಯುವ ನೆವದಲ್ಲಿ ತಂಬಿಗೆಯನ್ನು ಮುಖಕ್ಕೆ ಅಡ್ಡ ಹಿಡಿದ.

"ಆತು" ಎಂದಳು ಕೊನೆಗೆ. "ಕಾಯಿ ಕಟ್ಟಿದ್ರ ಕರಕೊಂಡ ಹೋಗಬೇಕ. ಮಾತ ಅಂದ್ರ ಮಾತ."

ಒಲೆಯ ಮುಂದಿದ್ದ ವಿನೋದಿನಿ ಈ ಮಾತನ್ನು ಗಟ್ಟಿಯಾಗಿ ಸೆರಗಿಗೆ ಕಟ್ಟಿಕೊಂಡಳು. ಈ ಕಡಲೆ ಕಾಯಿ ಕಟ್ಟಲೇಬೇಕು.

ಕಡಲೆ ಹುಟ್ಟಿತು, ನೀರಿಲ್ಲದೆಯೇ. ಮಳೆಗಾಲ ನೆಲದೊಳಗೆ ಬಿಟ್ಟುಹೋದ ಹಸಿಯೇ ಅದಕ್ಕೆ ಸಾಕಾಯಿತು. ದೀಪಾವಳಿಯ ಹೊತ್ತಿಗೆ ಗೇಣುದ್ದದ ಸಾಲುಗಳು ನಿಂತವು. ರಾಚವ್ವ ಬೆಳಗಾದರೆ ಅಲ್ಲಿ. ಬಿಸಿಲಿಗೆ ನೆಲ ಬಿರಿಯತೊಡಗಿದಾಗ ಕುರಪಿಯಿಂದ ಮೇಲ್ಮಣ್ಣು ಕೆದರಿ ಪುಡಿ ಮಾಡಿ ಬಿರುಕು ಮುಚ್ಚುತ್ತಿದ್ದಳು. "ಬಿರುಕ ಬಿಟ್ರ ಒಳಗಿನ ಹಸಿ ಹಾರಿ ಹೋಗ್ತೈತಿ" ಎಂದು ಅಪ್ಪಿಗೆ ಹೇಳುತ್ತಿದ್ದಳು. ಗಿಡದ ಕುಡಿ ಚಿವುಟಿ ತಂದು ಪಲ್ಯ ಮಾಡಿದಳು. ಕುಡಿ ಹೋದ ಗಿಡ ಕುಳ್ಳಾಗಿ ಅಗಲಕ್ಕೆ ಕವಲೊಡೆಯಿತು. ಹುಳಿ ಹುಳಿಯಾದ ಆ ಪಲ್ಯವನ್ನು ಪರಪ್ಪ ಎರಡು ಸಲ ಹಾಕಿಸಿಕೊಂಡ. ಅವನ ಕಣ್ಣು ಎಲ್ಲೋ ಇತ್ತು.

ಇನ್ನೊಂದು ಕೆಲಸ ಮಾತ್ರ ಚಾಳಿಗೆಲ್ಲ ತಮಾಷೆಯಾಯಿತು. ಇಬ್ಬನಿ ಬೀಳುವ ದಿನಗಳು ಬಂದಾಗ ರಾಚವ್ವ ಒಗೆದ ಬಿಳಿ ಧೋತರವೊಂದನ್ನು ಸಂಜೆ ಕಡಲೆ ಗಿಡಗಳ ಮೇಲೆ ಹಾಸುವಳು. ಬೆಳಿಗ್ಗೆ ಅದು ಇಬ್ಬನಿಯಲ್ಲಿ ತೊಯ್ದು, ಎಲೆಯ ಮೇಲಿನ ಹುಳಿಯನ್ನೆಲ್ಲ ಹೀರಿಕೊಂಡಿರುವುದು. ಹಿಂಡಿ ಬಾಟಲಿಗೆ ತುಂಬುವಳು. ಹೊಟ್ಟೆನೋವಿಗೆ ಅದಕ್ಕಿಂತ ಮದ್ದಿಲ್ಲವಂತೆ.

"ಅಜ್ಜಿ ಗಿಡಕ್ಕೆ ಚಾದರ್ ಹೊದಿಸ್ತಾಳೆ. ಠಂಡಿ ಹೈ ನಾ" ಎಂದು ಅಪ್ಪಿ ಗೆಳತಿಯರಿಗೆ ಹೇಳಿಕೊಂಡು ಬಂದಳು.

ಒಂದು ದಿನ ವಿನೋದಿನಿಗೆ ಹೊಟ್ಟೆ ಹಿಡಿದುಕೊಂಡಿತು. ರಾಚವ್ವ ಒಂದು ಚಮಚ ಹುಳಿಯನ್ನು ನೀರಿಗೆ ಹಾಕಿ ಕುಡಿಸಿದಳು. ಹಲ್ಲು ಜುಮ್ಮೆಂದಿತು, ಆದರೆ ನೋವು ಇಳಿಯಿತು. ಮಲಗಿದ್ದ ಸೊಸೆಯ ಪಕ್ಕ ಕೂತು ರಾಚವ್ವ ಕೇಳಿದಳು.

"ನಿಮ್ಮ ಊರಾಗ ಬಾವಿ ಎಷ್ಟ ಆಳ?"

"ಆಳ ಎಂತದು ಅತ್ತೆ. ಮಳೆಗಾಲದಲ್ಲಿ ಬಗ್ಗಿದ್ರೆ ಕೈಗೆ ಸಿಗ್ತದೆ. ಕೊಡಪಾನ ಅದ್ದಿ ಎತ್ತುದು, ಅಷ್ಟೆ."

"ಕೈಗೆ?" ರಾಚವ್ವ ನಂಬಲಿಲ್ಲ. "ನಮ್ಮಲ್ಲೆ ಹಗ್ಗ ಕೊಟ್ಟಷ್ಟೂ ಕೆಳಗ ಹೋಗ್ತೈತಿ. ಜಗ್ಗಿ ಜಗ್ಗಿ ಅಂಗೈ ನೋಡಿಲ್ಲೆ." ಅಂಗೈ ತೋರಿಸಿದಳು. ಹಗ್ಗದ ಗುರುತು ಗೆರೆಯಾಗಿ ಉಳಿದಿತ್ತು. "ಕೈಗೆ ನೀರ ಸಿಗೂ ಊರ ಬಿಟ್ಟ ಯಾಕ ಬಂದಿ?"

"ಅಣ್ಣ ಕರೆದ. ಬಂದೆ. ಆಮೇಲೆ ನಿಮ್ಮ ಮಗ."

"ತಿರುಗಿ ಹೋಗಬೇಕು ಅನಸೂದಿಲ್ಲೇನು?"

ವಿನೋದಿನಿ ಗೋಡೆಯ ಕಡೆ ಹೊರಳಿದಳು. "ಅನಿಸಿದ್ರೆ ಯಾರಿಗೆ ಹೇಳುದು?" ಎಂದಳು. ರಾಚವ್ವ ಸೊಸೆಯ ಕಾಲ ಮೇಲೆ ಹೊದಿಕೆ ಎಳೆದು ಎದ್ದು ಹೋದಳು.

ಕಾರ್ತಿಕ ಮುಗಿಯುವ ಹೊತ್ತಿಗೆ ಮಲಾಡಿನಿಂದ ಕರೆ ಬಂತು. ರಾಚವ್ವನ ತಂಗಿಯ ಮಗಳು ಕಾಶವ್ವನಿಗೆ ದಿನ ತುಂಬಿತ್ತು. ಬಾಣಂತನಕ್ಕೆ ಹಿರಿಯರು ಯಾರೂ ಇಲ್ಲ. ರಾಚವ್ವ ಹೋಗಲೇಬೇಕಾಯಿತು. ಹೊರಡುವಾಗ ಸೊಸೆಗೆ ಹೇಳಿದಳು:

"ಕಡ್ಲಿಗೆ ಯಾರೂ ಕೈ ಹಚ್ಚಬ್ಯಾಡ್ರಿ. ನೀರ ಅಂತೂ ಬ್ಯಾಡ."

"ಆಯ್ತು ಅತ್ತೆ."

ಮೊದಲ ಕೆಲವು ದಿನ ವಿನೋದಿನಿ ಹಾಯಾಗಿದ್ದಳು. ಭಾನುವಾರ ವಡಾಲಕ್ಕೆ ಹೋಗಿ ಬಂಗುಡೆ ಮೀನು ಉಂಡಳು. ಆಮೇಲೆ ಒಂದು ಮಧ್ಯಾಹ್ನ ಹಿತ್ತಿಲಿಗೆ ಹೋದಳು. ಕೆದರುವವರಿಲ್ಲದೆ ನೆಲ ಬೆರಳು ಹೋಗುವಷ್ಟು ಬಿರಿದಿತ್ತು. ಗಿಡಗಳು ಎಲೆ ಮಡಚಿಕೊಂಡು, ಬಣ್ಣಗೆಟ್ಟು, ಮೊಣಕಾಲಿಗೂ ಬಾರದೆ ಕುಗ್ಗಿ ನಿಂತಿದ್ದವು. ಇವು ಸತ್ತರೆ? ಕಾಯಿ ಇಲ್ಲ. ಕಾಯಿ ಇಲ್ಲದಿದ್ದರೆ ಅತ್ತೆ ಕಾಯಂ.

ಅದೇ ವಾರ ಶೇಖರ ಬಂದ. ಕನ್ನಡದ ಊರುಗಳೆಲ್ಲ ಸೇರಿ ಹೊಸ ರಾಜ್ಯವಾಗಿ ತಿಂಗಳೇ ಕಳೆದರೂ ಅವನ ಉಮೇದು ಇಳಿದಿರಲಿಲ್ಲ.

"ಈಗ ನಿನ್ನ ಊರೂ ನಿನ್ನ ಅತ್ತೆ ಊರೂ ಒಂದೇ ರಾಜ್ಯ. ಇನ್ನು ನೀವಿಬ್ಬರು ಜಗಳ ಮಾಡಿದ್ರೆ ಅದು ಮನೆ ಒಳಗಿನ ಜಗಳ" ಎಂದು ತಂಗಿಯನ್ನು ಚುಡಾಯಿಸಿದ. ಹಿತ್ತಿಲಿಗೆ ಬಂದು ಗಿಡ ನೋಡಿದವನೇ ಹುಬ್ಬು ಗಂಟಿಕ್ಕಿದ. "ಇದೆಂತ ಅವಸ್ಥೆ? ನೀರು ಹಾಕುವವರು ಯಾರೂ ಇಲ್ವಾ?"

"ಹಾಕ್ಬಾರ್ದಂತೆ."

"ಯಾರು ಹೇಳಿದ್ದು? ನೀರಿಲ್ಲದೆ ಬೆಳೆ ಉಂಟಾ ಲೋಕದಲ್ಲಿ? ಎರಡು ಕೊಡ ಹಾಕು ಮಾರಾಯ್ತಿ, ಪಾಪ."

ಗದ್ದೆಯ ನೀರಿನಲ್ಲಿ ಕಾಲಿಟ್ಟು ಬೆಳೆದ ಇಬ್ಬರಿಗೆ ಬೇರೆ ಏನು ತೋಚೀತು? ಮರುದಿನದಿಂದ ವಿನೋದಿನಿ ನಲ್ಲಿಯ ಸಾಲಿನಲ್ಲಿ ಇನ್ನೊಂದು ಕೊಡ ಹೆಚ್ಚಿಗೆ ಇಟ್ಟಳು. ಪಕ್ಕದ ಕೋಣೆಯ ಸೇವಂತಿ ಕೂಗಾಡಿದಳು. "ಎರಡೂವರೆ ಜನಕ್ಕೆ ಎಷ್ಟು ನೀರು? ಮನೆಯಲ್ಲಿ ಎಮ್ಮೆ ಕಟ್ಟಿದ್ದೀಯಾ?"

"ಕಟ್ಟಿದ್ದೇನೆ, ನೀವು ಬಂದು ಹಾಲು ಕರೀರಿ" ಎಂದು ವಿನೋದಿನಿ ಕೊಡ ಸೊಂಟಕ್ಕೇರಿಸಿದಳು.

ಬೆಳಿಗ್ಗೆ ಒಂದು ಕೊಡ, ಸಂಜೆ ಅಕ್ಕಿ ತೊಳೆದ ನೀರು. ಗೋಡೆ ಮೂಲೆಯ ಕಲ್ಲುಮಣ್ಣಿನ ದಿಬ್ಬದ ಮೇಲೆ ಒಂದು ಗಿಡವಿತ್ತು. ಅಲ್ಲಿ ಹಾಕಿದ ನೀರು ಜಾರಿ ಹೋಗುತ್ತಿತ್ತು, ಗಿಡವೂ ಸಾಯುವ ಹಾಗೆ ಕಾಣುತ್ತಿತ್ತು. ಅದನ್ನು ಬಿಟ್ಟಳು. ಉಳಿದವು ನೋಡನೋಡುತ್ತಿದ್ದಂತೆ ಎದ್ದವು. ಒಣಮಣ್ಣಿಗೆ ನೀರು ಬಿದ್ದಾಗ ಏಳುವ ವಾಸನೆಗೆ ವಿನೋದಿನಿ ಕೊಡ ಹಿಡಿದುಕೊಂಡೇ ನಿಂತುಬಿಡುತ್ತಿದ್ದಳು. ಊರಿನಲ್ಲಿ ಮೊದಲ ಮಳೆಗೆ ಅಮ್ಮ ಬಾವಿಕಟ್ಟೆಯ ಹತ್ತಿರ ನಿಂತು "ವಿನೂ, ಬಟ್ಟೆ ತೆಗಿ" ಎಂದು ಕೂಗುತ್ತಿದ್ದುದು ಕಿವಿಗೆ ಬರುತ್ತಿತ್ತು. ಕೆಲವು ದಿನ ಅವಳಿಗೆ ತಾನು ಯಾಕೆ ನೀರು ಹಾಕುತ್ತಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು. ಅಷ್ಟು ಹಸಿರನ್ನು ಅವಳು ಮುಂಬಯಿಯಲ್ಲಿ ತನ್ನ ಕೈಯಾರೆ ಮಾಡಿದ್ದು ಅದೇ ಮೊದಲು.

ಕಾಶವ್ವ ಗಂಡುಮಗು ಹೆತ್ತು, ಪುರುಡು ಕಳೆದು, ರಾಚವ್ವ ತಿರುಗಿ ಬಂದದ್ದು ಒಂದು ಸಂಜೆ. ಕೈಕಾಲು ತೊಳೆಯುವ ಮೊದಲೇ ಹಿತ್ತಿಲಿಗೆ ಹೋದಳು. ವಿನೋದಿನಿ ಹಿಂದೆಯೇ ಹೋದಳು, ಹೊಗಳಿಕೆಗೆ ಕಾದು.

ಗಿಡಗಳು ಸೊಂಟ ಮುಟ್ಟುವ ಹಾಗೆ ಬೆಳೆದು ಒಂದರ ಮೇಲೊಂದು ಒರಗಿದ್ದವು. ಹಸಿರೆಂದರೆ ಹಸಿರು. ರಾಚವ್ವ ಒಂದು ಕೊಂಬೆ ಎತ್ತಿ ಎಲೆಯ ಅಡಿ ನೋಡಿದಳು, ಇನ್ನೊಂದು ಎತ್ತಿದಳು. ನೆಲದ ಮೇಲೆ ಉದುರಿದ ಕೆನ್ನೀಲಿ ಹೂಗಳನ್ನು ನೋಡಿದಳು. ಒಳಗೆ ಹೋಗಿ ಬಿಳಿ ಧೋತರ ತಂದು ಹಾಸಿದಳು.

ಬೆಳಿಗ್ಗೆ ವಿನೋದಿನಿ ನೀರು ತುಂಬಿ ಬರುವಾಗ ಅತ್ತೆ ತೊಯ್ದ ಧೋತರದ ತುದಿಯನ್ನು ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದಳು.

"ಹುಳಿ ಇಲ್ಲ. ಬರೇ ನೀರ" ಎಂದಳು ರಾಚವ್ವ. "ಎಷ್ಟ ದಿನ ಹಾಕಿದಿ?"

ವಿನೋದಿನಿಯ ಸೊಂಟದ ಮೇಲೆ ಕೊಡ ಹಾಗೇ ಇತ್ತು. "ನೀವು ಹೋದ ಮೇಲೆ ದಿನಾ. ಒಣಗಿ ಸಾಯ್ತಿತ್ತು ಅತ್ತೆ."

"ಸಾಯ್ತಿರಲಿಲ್ಲ ಯವ್ವಾ. ಹಂಗ ಕಾಣತಿತ್ತು." ರಾಚವ್ವ ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಬೈಯುವಳು ಎಂದು ವಿನೋದಿನಿ ಕಾದಳು. ಮುದುಕಿಯ ದನಿ ಏರಲೇ ಇಲ್ಲ. "ಕಡ್ಲಿ ಜಾತಿ ಹಂಗ. ನೀರ ಕಡಿಮಿ ಆದ್ರ ಎಲಿ ಮಡಚಕೊಂಡ ಬೇರ ಕೆಳಗ ಕಳಸ್ತೈತಿ. ಇನ್ನ ನೀರ ಇಲ್ಲ ಅಂತ ಅದಕ್ಕ ತಿಳೀಬೇಕು. ತಿಳದಾಗ ಕಾಯಿ ಕಟ್ಟತೈತಿ, ತನ್ನ ಬೀಜ ಉಳೀಲಿ ಅಂತ. ನೀರ ಕೊಟ್ಟಿ ಅಂದ್ರ ಬೆಳಕೋತ ಹೋಗತೈತಿ. ಹೂ ಉದರಸ್ತೈತಿ. ಇನ್ನೂ ಬೇಕಾದಷ್ಟ ದಿನಾ ಅದಾವ ಅಂತ ಅದರ ಲೆಕ್ಕ."

"ಹಾಗಾದ್ರೆ ಕಾಯಿ?"

"ಎಳ್ಳಮಾಸಿ ಒಳಗ? ಇಲ್ಲ."

ವಿನೋದಿನಿಗೆ ಕೊಡ ಇಳಿಸಬೇಕೆಂದೂ ತೋಚಲಿಲ್ಲ. ಒಂದೊಂದು ಕೊಡಕ್ಕೂ ಜಗಳವಾಡಿ ತಂದು ಸುರಿದ ನೀರು. ಅತ್ತೆ ಹೋಗಲಿ ಎಂದು ಹಾಕಿದ ನೀರೇ ಅತ್ತೆಯನ್ನು ಇಲ್ಲಿ ಕಟ್ಟಿಹಾಕಿತು.

ರಾಚವ್ವ ತಲೆಯೆತ್ತಿ ಸೊಸೆಯನ್ನು ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ನಾ ಹೋಗಬಾರದು ಅಂತ ನೀರ ಹಾಕಿದೇನ, ವಿನೋದವ್ವ?"

ವಿನೋದಿನಿಯ ಬಾಯಿಂದ ಅಲ್ಲ ಎಂಬ ಮಾತು ಬರಲಿಲ್ಲ, ಹೌದು ಎಂಬುದೂ ಬರಲಿಲ್ಲ.

"ನನ್ನ ಇರು ಅಂತ ಯಾರೂ ಅಂದಿರಲಿಲ್ಲ ನೋಡು" ಎಂದಳು ರಾಚವ್ವ. "ಪರಪ್ಪನ ಅಪ್ಪ ತೀರಿ ಹೋಗೂ ಮುಂದ ಕೇಳಿ ಹೋಗಲಿಲ್ಲ. ಮಗಾ ಮುಂಬೈಗೆ ಬಂದಾಗ ಕೇಳಿ ಬರಲಿಲ್ಲ. ಈಗೂ ಅಂವಾ ಇರು ಅಂತಾನ, ಅದು ಹೆದರಿಕಿಗೆ. ನೀ ಬಾಯಿಬಿಟ್ಟ ಅನ್ನಲಿಲ್ಲ, ನೀರ ಹೊತ್ತಿ." ಧೋತರವನ್ನು ಹಿಂಡಿ ಹೆಗಲಿಗೆ ಹಾಕಿಕೊಂಡು ಎದ್ದಳು. "ಇರ್ಲಿ ಬಿಡು."

ಆ ದಿನ ವಿನೋದಿನಿ ತನ್ನ ಪಾಲಿನ ಅನ್ನವನ್ನೂ ಅಪ್ಪಿಗೇ ಬಡಿಸಿದಳು.

ಮುಂದಿನ ದಿನಗಳಲ್ಲಿ ರಾಚವ್ವ ಎಳ್ಳಮಾಸಿಯ ಹೆಸರೆತ್ತಲಿಲ್ಲ. ಅಪ್ಪಿಗೆ ತಲೆ ಬಾಚುವಳು, ಜೋಳದ ಹಿಟ್ಟು ಸೋಸುವಳು. ಸಂಜೆಯಾದರೆ ಹಿತ್ತಿಲ ಗೋಡೆಯ ಮೇಲೆ ಕೂತು ರೈಲು ಹಳಿಯ ಆಚೆ, ತನ್ನ ಊರಿನ ಬಯಲು ಇರಬಹುದಾದ ದಿಕ್ಕಿಗೆ ನೋಡುವಳು. ಆ ದಿಕ್ಕಿನಲ್ಲಿ ಇದ್ದದ್ದು ಇನ್ನೊಂದು ಚಾಳು. ಪರಪ್ಪ ಒಂದು ಸಲ "ಯವ್ವಾ, ಯಾಕ ಸುಮ್ನ ಕುಂತಿ?" ಎಂದ. "ಮಾತ ಸೋತಾಕಿ ಸುಮ್ನ ಕೂಡಬೇಕಲ್ಲಪಾ" ಎಂದಳು. ಗೆದ್ದ ಪರಪ್ಪನಿಗೆ ಆ ಗೆಲುವು ಯಾಕೋ ರುಚಿಸಲಿಲ್ಲ. ಬೀಡಿ ಹಚ್ಚಿಕೊಂಡು ಹೊರಗೆ ಹೋದ.

ಅಮಾವಾಸ್ಯೆಗೆ ಇನ್ನು ಮೂರ್ನಾಲ್ಕು ದಿನವಿರುವಾಗ ಅಪ್ಪಿ ಅಡಿಗೆ ಮಾಡುತ್ತಿದ್ದ ತಾಯಿಯ ಕಿವಿಯಲ್ಲಿ ಹೇಳಿದಳು:

"ಅಮ್ಮಾ, ಮೂಲೆ ಮೇ ಜೋ ಗಿಡ ಇದೆ ನಾ, ಅದಕ್ಕೆ ಕಾಯಿ ಆಗಿದೆ. ಅಜ್ಜಿಗೆ ತೋರಿಸಿದೆ. ಯಾರಿಗೂ ಹೇಳ್ಬೇಡ ಅಂದಳು."

"ಯಾಕಂತೆ?"

"ಅಮ್ಮಗೆ ಬೇಜಾರ್ ಆಗ್ತದೆ ಅಂದಳು."

ವಿನೋದಿನಿ ಒಲೆಯ ಉರಿ ತಗ್ಗಿಸಿ ಹಿತ್ತಿಲಿಗೆ ಹೋದಳು. ದಿಬ್ಬದ ಮೇಲೆ, ಅವಳು ನೀರು ಹಾಕದೆ ಬಿಟ್ಟ ಗಿಡ ಒಂದೆರಡು ಗೇಣು ಎತ್ತರಕ್ಕೆ ಮುರುಟಿ ನಿಂತಿತ್ತು. ಬುಡದ ಮಣ್ಣನ್ನು ಯಾರೋ ಈಚೆಗೆ ಕೆದರಿ ಪುಡಿ ಮಾಡಿದ್ದರು. ಕವಲುಗಳ ತುಂಬ ಉಬ್ಬಿದ ಕಾಯಿಗಳು, ಒಳಗೆ ಕಾಳು ಕೈಗೆ ಹತ್ತುತ್ತಿತ್ತು.

ಅವಳು ಅಲ್ಲಿ ಸ್ವಲ್ಪ ಹೊತ್ತು ಕೂತಳು. ಈಗ ಇದನ್ನು ಗಂಡನಿಗೆ ತೋರಿಸಿದರೆ ಅತ್ತೆ ಏನೆಂದುಕೊಂಡಾಳು? ನೀರು ಹಾಕಿ ಇರಿಸಿಕೊಂಡವಳು ಈಗ ಕಾಯಿ ತೋರಿಸಿ ಓಡಿಸುತ್ತಿದ್ದಾಳೆ ಎಂದುಕೊಂಡಾಳು. ತೋರಿಸದಿದ್ದರೆ ಸೊಸೆಗೆ ನಾನು ಬೇಕು ಎಂಬ ಸಂತೋಷದಲ್ಲಿ ಇಲ್ಲೇ ಇದ್ದಾಳು, ಇಲ್ಲದ ಬಯಲನ್ನು ದಿನಾ ನೋಡುತ್ತ. ಹತ್ತು ವರ್ಷದಿಂದ ಬಾವಿಯನ್ನು ಕನಸಿನಲ್ಲಿ ನೋಡಿ ಏಳುವವಳಿಗೆ ಅದು ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಒಂದು ಕವಲು ಮುರಿದುಕೊಂಡಳು.

ಪರಪ್ಪ ಊಟಕ್ಕೆ ಕೂತಾಗ ರೊಟ್ಟಿಯ ಪಕ್ಕ, ತಾಟಿನ ಅಂಚಿಗೆ, ಆ ಕವಲನ್ನಿಟ್ಟಳು.

"ಇದೇನು?"

"ಕಾಯಿ. ಎಳ್ಳಮಾಸಿ ಒಳಗೆ ಕಟ್ಟಿದ್ದು. ಮಾತು ಕೊಟ್ಟವರು ನೀವು."

ರಾಚವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಇಷ್ಟ ಲಗೂನ ರಜಾ ಯಾರ ಕೊಡ್ತಾರ?" ಎಂದ ಪರಪ್ಪ. "ಅಲ್ಲೆ ಮತ್ತ ಬಿದ್ದಳಂದ್ರ? ನೋಡ್ಕೊಳ್ಳಾವ್ರ ಯಾರು? ನಿನಗ ತಿಳಿಯೂದಿಲ್ಲ, ಸುಮ್ನಿರು."

"ನನಗೆ ತಿಳೀತದೆ." ವಿನೋದಿನಿ ಗಂಡನ ಎದುರಿಗೇ ಕೂತಳು. "ನನ್ನ ಅಮ್ಮನ ಬಾವಿ ನೋಡದೆ ಹತ್ತು ವರ್ಷ ಆಯ್ತು. ನೀವು ಒಂದು ದಿನ ಕೇಳಿದ್ರಾ ನನ್ನ ಹತ್ರ, ಹೋಗ್ಬೇಕಾ ಅಂತ? ಈ ಮನೆಯಲ್ಲಿ ಊರು ಇಲ್ಲದವಳು ನಾನೊಬ್ಬಳು ಸಾಕು. ಅವರಿಗೆ ಉಂಟು. ಅವರನ್ನು ಕರ್ಕೊಂಡು ಹೋಗಿ."

ಪರಪ್ಪ ಹೆಂಡತಿಯನ್ನು ನೋಡಿದ, ತಾಯಿಯನ್ನು ನೋಡಿದ. ಕವಲಿನಿಂದ ಒಂದು ಕಾಯಿ ಕಿತ್ತು, ಸುಲಿದು, ಹಸಿಕಾಳು ಬಾಯಿಗೆ ಹಾಕಿಕೊಂಡ. ಬಹಳ ಹೊತ್ತು ಅಗಿದ.

"ಸುಗ್ಗಿ ಮಟ ಇರಲಿ" ಎಂದ ಕೊನೆಗೆ. "ಬಿಸಲ ಏರೂದ್ರಾಗ ಮತ್ತ ನೋಡೂಣು. ಕಾಶಪ್ಪಗ ಹೇಳಿ ಬರ್ತೀನಿ."

ಸೊಲ್ಲಾಪುರದ ಗಾಡಿಗೆ ಬೋರಿಬಂದರ್ ಸ್ಟೇಶನ್ನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪರಪ್ಪ ಕಿಟಕಿಯ ಹತ್ತಿರ ತಾಯಿಗೆ ಜಾಗ ಹಿಡಿದು ಕೊಟ್ಟು, ದಾರಿಗೆ ನೀರು ತರಲು ಅಪ್ಪಿಯ ಕೈ ಹಿಡಿದುಕೊಂಡು ಹೋದ. ಕಿಟಕಿಯ ಒಳಗೆ ಅತ್ತೆ, ಹೊರಗೆ ಸೊಸೆ. ರಾಚವ್ವನ ಮಡಿಲಲ್ಲಿ ಚರಗದ ಬುತ್ತಿಗೆಂದು ವಿನೋದಿನಿ ಕಟ್ಟಿಕೊಟ್ಟ ಎಳ್ಳು ಬೆಲ್ಲದ ಗಂಟಿತ್ತು.

ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎಂದು ವಿನೋದಿನಿಗೆ ಗೊತ್ತಿತ್ತು.

"ಅತ್ತೆ, ಒಂದು ಮಾತು. ನಾನು ನೀರು ಹಾಕಿದ್ದು ನೀವು ಇರಲಿ ಅಂತ ಅಲ್ಲ. ಹೋಗಲಿ ಅಂತ. ಕಾಯಿ ಬೇಗ ಆಗಲಿ, ನೀವು ಹೋಗಲಿ ಅಂತ." ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಈಗ ಹಾಗೆ ಇಲ್ಲ. ಆಗ ಹಾಗಿತ್ತು."

ರಾಚವ್ವ ಗಂಟನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಸರಿಸಿದಳು.

"ಗೊತ್ತಿತ್ತು" ಎಂದಳು.

"ಗೊತ್ತಿತ್ತಾ?"

"ನೀರ ಹಾಕಿದ್ರ ಕಡ್ಲಿ ಕೆಡತೈತಿ ಅಂತ ಮೂಲ್ಕಿಯಾಕಿಗೆ ಏನ ಗೊತ್ತು? ಬೆಳೀಲಿ ಅಂತನ ಹಾಕಿರತಿ. ಬೆಳದ್ರ ನಾ ಹೋಗತಿದ್ನೆಲ್ಲ."

"ಮತ್ತೆ ಆ ದಿನ ಹಾಗೆ ಯಾಕೆ ಕೇಳಿದ್ರಿ? ನೀವು ಹೋಗ್ಬಾರ್ದು ಅಂತ ಹಾಕಿದ್ದಾ ಅಂತ?"

ಗಾರ್ಡನ ಸೀಟಿ ಕೇಳಿಸಿತು. ಪರಪ್ಪ ನೀರಿನ ತಂಬಿಗೆ ಎತ್ತಿ ಹಿಡಿದುಕೊಂಡು ಗುಂಪಿನಲ್ಲಿ ದಾರಿ ಮಾಡಿಕೊಳ್ಳುತ್ತ ಬರುತ್ತಿದ್ದ. ರಾಚವ್ವ ಸರಳಿನ ಮೇಲಿದ್ದ ಸೊಸೆಯ ಬೆರಳುಗಳ ಮೇಲೆ ತನ್ನ ಹಗ್ಗದ ಗೆರೆಯ ಕೈಯಿಟ್ಟಳು.

"ಒಮ್ಮೆ ಹಂಗ ಅನ್ನಬೇಕು ಅನಸ್ತು ನೋಡು. ಅಂದೆ."

ಅಪ್ಪಿಯನ್ನು ತಾಯಿಯ ಪಕ್ಕ ನಿಲ್ಲಿಸಿ ಪರಪ್ಪ ಹತ್ತಿದೊಡನೆ ಗಾಡಿ ಅಲುಗಿತು. ವಿನೋದಿನಿ ಅದರ ಜೊತೆ ನಡೆದಳು, ಆಮೇಲೆ ಓಡಿದಳು. "ಬಿಸಿಲು ಬರುವ ಮೊದಲು ಬನ್ನಿ ಅತ್ತೆ" ಎಂದು ಕೂಗಿದಳು. "ನಾನೇ ಹೇಳ್ತಿದ್ದೇನೆ. ಬನ್ನಿ." ಒಳಗೆ ಕೇಳಿಸಿತೋ ಇಲ್ಲವೋ, ಕಿಟಕಿಯಿಂದ ಹೊರಗೆ ಬಂದ ಒಂದು ಕೈ ಪ್ಲಾಟ್‌ಫಾರಂ ಮುಗಿಯುವ ತನಕ ಹಾಗೇ ಇತ್ತು.

ಮರುದಿನ ಬೆಳಗಿನ ಜಾವ ನಲ್ಲಿಗೆ ನೀರು ಬಂತು. ವಿನೋದಿನಿ ಮನೆಯ ಕೊಡಗಳನ್ನು ತುಂಬಿಟ್ಟು, ರೂಢಿಯಂತೆ ಹೆಚ್ಚಿನ ಕೊಡವನ್ನೂ ತುಂಬಿದಳು. ಸೇವಂತಿ ಎಂದಿನಂತೆ ಗೊಣಗಿದಳು. ಕೊಡ ಹೊತ್ತು ಹಿತ್ತಿಲಿಗೆ ಹೋದವಳು ದಿಬ್ಬದ ಗಿಡದ ಮುಂದೆ ನಿಂತಳು. ಕೈ ತಾನಾಗಿ ಬಾಗಹೊರಟಿತು, ತಡೆದಳು. ತಿರುಗಿ ಬಂದು ಸೇವಂತಿಯ ಬಾಗಿಲಲ್ಲಿ ಆ ಕೊಡವನ್ನು ಇಳಿಸಿದಳು. "ತಗೊಳ್ಳಿ, ನಮ್ಮ ಎಮ್ಮೆ ಊರಿಗೆ ಹೋಯ್ತು" ಎಂದಳು. ನಗಬೇಕೆಂದಿದ್ದವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಆಮೇಲೆ ಕುರಪಿ ಹುಡುಕಿ ತಂದು, ದಿಬ್ಬದ ಮೇಲೆ ಕೂತು, ಆ ಗಿಡದ ಬುಡದಲ್ಲಿ ಹೊಸದಾಗಿ ಬಿಟ್ಟಿದ್ದ ಬಿರುಕನ್ನು ಮುಚ್ಚತೊಡಗಿದಳು.